ಎಫ್‌ಐಆರ್ ಆದ ಮಾತ್ರಕ್ಕೆ ಅಪರಾಧಿಯಾ? ಕ್ರಿಮಿನಲ್ ಕೇಸಿನ ಪದಗಳನ್ನು ಬಿಡಿಸಿ ನೋಡೋಣ

ಟಿವಿಯಲ್ಲಿ ‘ಎಫ್‌ಐಆರ್ ದಾಖಲು’ ಅಂತ ಒಂದು ಸಾಲು ಓಡಿದರೆ ಸಾಕು, ನಮ್ಮಲ್ಲಿ ಅರ್ಧ ಜನ ತೀರ್ಪು ಕೊಟ್ಟು ಮುಗಿಸಿರುತ್ತಾರೆ. ತಿಂಗಳು ಬಿಟ್ಟು ಅದೇ ವ್ಯಕ್ತಿಗೆ ಜಾಮೀನು ಸಿಕ್ಕಿತು ಅಂದರೆ, ‘ನೋಡಿ, ಕೇಸೇ ಬಿದ್ದುಹೋಯ್ತು’ ಅನ್ನುತ್ತಾರೆ. ಎರಡೂ ತಪ್ಪು. ಎಫ್‌ಐಆರ್ ಅಂದರೆ ದೂರನ್ನು ಪೊಲೀಸರು ಮೊದಲು ದಾಖಲಿಸುವ ವರದಿ, ಅದು ಯಾರನ್ನೂ ಅಪರಾಧಿ ಮಾಡುವುದಿಲ್ಲ, ಜಾಮೀನು ಯಾರನ್ನೂ ನಿರಪರಾಧಿ ಮಾಡುವುದಿಲ್ಲ.

ಕ್ರಿಮಿನಲ್ ಕೇಸಿನ ಪದಗಳು ಅರ್ಥವಾಗಬೇಕಾದರೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಯಾರ ಮಾತು? ದೂರು ಕೊಟ್ಟವರದ್ದಾ, ಪೊಲೀಸರದ್ದಾ, ನ್ಯಾಯಾಧೀಶರದ್ದಾ? ಇಷ್ಟು ಗೊತ್ತಾದರೆ ಆ ಮಾತಿಗೆ ಎಷ್ಟು ತೂಕ ಕೊಡಬೇಕು, ಮುಂದೆ ಯಾರ ಬಾಗಿಲು ತಟ್ಟಬೇಕು ಅನ್ನುವುದು ಮುಕ್ಕಾಲು ಪಾಲು ತಿಳಿದಂತೆ.

ಮೊದಲು ನಂಬರ್‌ಗಳ ಗೊಂದಲ ಮುಗಿಸಿಬಿಡೋಣ. 302, 307, 420 ಇವೆಲ್ಲ ಕಾನೂನು ಓದದವರ ಬಾಯಲ್ಲೂ ಇದ್ದ ಕಲಂ ನಂಬರ್‌ಗಳು. 2024ರ ಜುಲೈ 1ರಿಂದ, ಯಾವುದು ಅಪರಾಧ, ಶಿಕ್ಷೆ ಎಷ್ಟು ಅಂತ ಹೇಳುವ 1860ರ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಬಂತು. ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು, ಇದನ್ನು ಬಿಎನ್‌ಎಸ್‌ಎಸ್ ಅನ್ನುತ್ತಾರೆ. ಹಳೇ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಕೊಲೆ ಈಗ 103, ಕೊಲೆ ಯತ್ನ 109, ವಂಚನೆ 318, ಗಂಡನ ಮನೆಯವರ ಕಿರುಕುಳ 498ಎ ಬದಲು 85. ಹಾಗಂತ ಹಳೇ ನಂಬರ್‌ಗಳು ಸತ್ತಿಲ್ಲ. ಅಪರಾಧ ನಡೆದ ದಿನ ಯಾವ ಕಾನೂನು ಇತ್ತೋ ಅದೇ ಲೆಕ್ಕ. ನಟ ದರ್ಶನ್ ಆರೋಪಿಯಾಗಿರುವ ರೇಣುಕಾಸ್ವಾಮಿ ಕೊಲೆ ಪ್ರಕರಣ ನಡೆದದ್ದು 2024ರ ಜೂನ್‌ನಲ್ಲಿ, ಹೊಸ ಕಾನೂನು ಬರುವ ಕೆಲವೇ ವಾರ ಮುಂಚೆ. ಹಾಗಾಗಿ ಅಲ್ಲಿ ಆರೋಪ ಇವತ್ತಿಗೂ 302. ನಮ್ಮ ಕೋರ್ಟುಗಳಲ್ಲಿ ಇನ್ನೂ ಎಷ್ಟೋ ವರ್ಷ ಎರಡೂ ನಂಬರ್‌ಗಳು ಅಕ್ಕಪಕ್ಕ ಓಡಾಡಲಿವೆ.

ಠಾಣೆಯಲ್ಲಿ ಹುಟ್ಟುವ ಪದಗಳು

ಹೀಗಿಟ್ಟುಕೊಳ್ಳಿ. ಒಂದು ಹಳ್ಳಿ. ಅಣ್ಣ ತಮ್ಮನ ಜಮೀನು ಅಕ್ಕಪಕ್ಕ. ಬದುವಿನ ಮೇಲಿನ ತೆಂಗಿನ ಮರ ಯಾರದ್ದು ಅಂತ ಜಗಳ. ಮಾತಿಗೆ ಮಾತು ಬೆಳೆದು ತಮ್ಮ ಕುಡುಗೋಲು ಬೀಸಿದ, ಅಣ್ಣನ ಎಡಗೈಗೆ ತಗುಲಿ ರಕ್ತ ಬಂತು. ತಾಲ್ಲೂಕು ಆಸ್ಪತ್ರೆಗೆ ಹೋದರು. ಹೊಡೆದಾಟದ ಗಾಯ ಅಂತ ಗೊತ್ತಾದ ಕೂಡಲೇ ಡಾಕ್ಟರು ಅದನ್ನು ಎಂಎಲ್‌ಸಿ ಮಾಡಿ ಠಾಣೆಗೆ ಸುದ್ದಿ ಮುಟ್ಟಿಸುತ್ತಾರೆ. ಚಿಕಿತ್ಸೆಯ ಜೊತೆ ಪೊಲೀಸ್ ವ್ಯವಹಾರವೂ ಇರುವ ಕೇಸು ಅಂತ ಅದರ ಅರ್ಥ. ಆಮೇಲೆ ಬರುವ ಗಾಯದ ಸರ್ಟಿಫಿಕೇಟು ಇಡೀ ಕೇಸಿನ ದಿಕ್ಕನ್ನೇ ಬದಲಿಸಬಲ್ಲದು. ಸಾದಾ ಗಾಯವಾ, ತೀವ್ರ ಗಾಯವಾ ಅನ್ನುವುದರ ಮೇಲೆ ಕಲಂ ಬದಲಾಗುತ್ತದೆ. ಮೂಳೆ ಮುರಿದರೆ, ಹಲ್ಲು ಉದುರಿದರೆ, 15 ದಿನ ನೋವಿನಿಂದ ನರಳಿದರೆ ಅಥವಾ ದಿನದ ಕೆಲಸ ಮಾಡಲಾಗದೆ ಹೋದರೆ ಅದು ತೀವ್ರ ಗಾಯ. ಹಳೇ ಕಾನೂನಿನಲ್ಲಿ ಇದು 20 ದಿನ ಇತ್ತು.

ಈಗ ದೂರು. ನಮ್ಮ ಠಾಣೆಗಳ ದೂರುಗಳಿಗೆ ಒಂದು ಸಿದ್ಧ ಭಾಷೆ ಇದೆ. ‘ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಕುಡುಗೋಲಿನಿಂದ ಎಡಗೈಗೆ ರಕ್ತಗಾಯಪಡಿಸಿ, ಜೀವ ಬೆದರಿಕೆ ಹಾಕಿರುತ್ತಾನೆ.’ ಓದಿದರೆ ಯಾರೋ ಬಾಯಿಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ. ಆದರೆ ಅದರಲ್ಲಿ ಒಂದೊಂದು ತುಂಡೂ ಒಂದೊಂದು ಕಲಂ. ಬೈದದ್ದು 352, ಕೈಯಿಂದ ಹೊಡೆದದ್ದು 115(2), ಕುಡುಗೋಲು 118(1), ಬೆದರಿಕೆ 351. ಠಾಣೆಯ ರೈಟರ್‌ಗಳು ದಿನಾ ಬರೆದು ಬರೆದು ಈ ವಾಕ್ಯ ಹೀಗೆ ಗಟ್ಟಿಯಾಗಿದೆ. ನೀವು ದೂರು ಕೊಡುವಾಗ ಮಾತ್ರ ಇದನ್ನು ಕಾಪಿ ಹೊಡೆಯಬೇಡಿ. ನಡೆದದ್ದನ್ನು ನಡೆದ ಹಾಗೆ, ಸಮಯ, ಜಾಗ, ಅಲ್ಲಿದ್ದವರ ಹೆಸರು ಸಮೇತ ಬರೆಸಿ. ನಡೆಯದ ಬೆದರಿಕೆ, ಇಲ್ಲದ ಕುಡುಗೋಲು ಸೇರಿಸಿದರೆ ಎರಡು ವರ್ಷದ ಮೇಲೆ ಪಾಟಿ ಸವಾಲಿನಲ್ಲಿ, ಅಂದರೆ ಎದುರು ಕಡೆಯ ವಕೀಲರು ಕೆದಕಿ ಕೇಳುವಾಗ, ಅದೇ ನಿಮ್ಮ ಕಾಲಿಗೆ ತೊಡರುತ್ತದೆ.

ದೂರಿನ ಮೇಲೆ ಎಫ್‌ಐಆರ್ ಆಗಬೇಕಾ ಬೇಡವಾ ಅನ್ನುವುದು ಸಂಜ್ಞೇಯ, ಅಸಂಜ್ಞೇಯ ಎಂಬ ಎರಡು ಒರಟು ಪದಗಳ ಮೇಲೆ ನಿಂತಿದೆ. ಸಂಜ್ಞೇಯ ಅಂದರೆ ಪೊಲೀಸರು ಯಾರನ್ನೂ ಕೇಳದೆ ತನಿಖೆ ಶುರು ಮಾಡಬಹುದಾದ, ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ: ಕೊಲೆ, ದರೋಡೆ, ಅತ್ಯಾಚಾರ, ಆಯುಧದಿಂದ ಗಾಯ ಇಂಥವು. ಅಸಂಜ್ಞೇಯ ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ಮುಟ್ಟುವಂತಿಲ್ಲ. ಬರೀ ಕೈಯಿಂದ ಹೊಡೆದು ಸಾದಾ ಗಾಯ ಮಾಡುವುದು ಈ ಗುಂಪಿನದ್ದು. ಆಗ ಎಫ್‌ಐಆರ್ ಬದಲು ಎನ್‌ಸಿಆರ್, ಅಂದರೆ ಅಸಂಜ್ಞೇಯ ದೂರಿನ ದಾಖಲೆಯ ನಂಬರ್ ಕೊಡುತ್ತಾರೆ. ‘ಹೊಡೆದಿದ್ದಾನೆ ಅಂದ್ರೂ ಪೊಲೀಸ್ರು ಏನೂ ಮಾಡ್ಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಕಾರಣ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಕುಡುಗೋಲು ಇರುವುದರಿಂದ ಮಾತು ಬೇರೆ. ಹಲವು ಕಲಂಗಳ ನಡುವೆ ಒಂದೇ ಒಂದು ಸಂಜ್ಞೇಯ ಇದ್ದರೂ ಇಡೀ ಕೇಸು ಸಂಜ್ಞೇಯವೇ.

ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು. 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಸ್ಪಷ್ಟವಾಗಿ ಹೇಳಿದೆ. ಹೊಸ ಕಾನೂನು ಒಂದು ಕಿಂಡಿ ಬಿಟ್ಟಿದೆ: ಮೂರು ವರ್ಷದಿಂದ ಏಳು ವರ್ಷದ ಒಳಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಗಡಿಯ ನೆಪ ಹೇಳುವಂತಿಲ್ಲ. ಘಟನೆ ಯಾವ ಠಾಣೆ ವ್ಯಾಪ್ತಿಯಲ್ಲೇ ನಡೆದಿರಲಿ, ನೀವು ಹೋದ ಠಾಣೆ ದೂರು ತಗೊಂಡು ಸೊನ್ನೆ ನಂಬರ್ ಹಾಕಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಅದೇ ಝೀರೋ ಎಫ್‌ಐಆರ್. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಕೇಳಿ ತಗೊಳ್ಳಿ, ಕ್ರೈಂ ನಂಬರ್ ಬರೆದಿಟ್ಟುಕೊಳ್ಳಿ.

ಇನ್ನು ನಮ್ಮ ಠಾಣೆಗಳದ್ದೇ ಎರಡು ಪದಗಳಿವೆ: ಹಿಂಬರಹ ಮತ್ತು ಮುಚ್ಚಳಿಕೆ. ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಅಂತ ಬರೆದು ಕೊಡುವ ಕಾಗದ ಹಿಂಬರಹ. ಅದು ಎಫ್‌ಐಆರ್ ಅಲ್ಲ, ಆದರೆ ಬಿಸಾಡಬೇಡಿ. ಠಾಣೆಗೆ ಹೋಗಿದ್ದೆವು ಅನ್ನುವುದಕ್ಕೆ ಅದೇ ದಾಖಲೆ. ಮುಂದೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸುವಾಗ, ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕುವಾಗ ಬೇಕಾಗುತ್ತದೆ. ಮುಚ್ಚಳಿಕೆ ಅಂದರೆ ‘ಇನ್ನು ಮುಂದೆ ಗಲಾಟೆ ಮಾಡುವುದಿಲ್ಲ’ ಅಂತ ಬರೆಸಿಕೊಳ್ಳುವುದು. ತಹಶೀಲ್ದಾರರ ಮುಂದೆ ಶಾಂತಿ ಕಾಪಾಡುವ ಬಾಂಡ್ ಬರೆಸಿದರೆ ಅದಕ್ಕೆ ಕಾನೂನಿನ ಬಲ ಇದೆ. ಹಳಬರು ಅದನ್ನು ಈಗಲೂ 107 ಅಂತಲೇ ಕರೆಯುತ್ತಾರೆ, ಹೊಸ ನಂಬರ್ 126. ಠಾಣೆಯ ಬೆಂಚಿನ ಮೇಲೆ ಕೂರಿಸಿ ಬಿಳಿ ಹಾಳೆಯಲ್ಲಿ ಬರೆಸಿದ್ದಕ್ಕೆ ಆ ಬಲ ಇಲ್ಲ. ಎರಡನ್ನೂ ಒಂದೇ ಅಂದುಕೊಂಡು ಹೆದರುವವರು ಜಾಸ್ತಿ.

ತಮ್ಮನೂ ಸುಮ್ನೆ ಕೂರುವುದಿಲ್ಲ ಅಲ್ವಾ? ‘ನನಗೂ ಹೊಡೆದಿದ್ದಾನೆ’ ಅಂತ ಅವನೂ ದೂರು ಕೊಡುತ್ತಾನೆ. ಇದೇ ಕೌಂಟರ್ ಕೇಸು. ಒಂದೇ ಘಟನೆಗೆ ಎರಡು ಎಫ್‌ಐಆರ್. ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಟ್ಟಿಗೆ ನೋಡಿ ತೀರ್ಮಾನಿಸಬೇಕು ಅನ್ನುವುದು ಪದ್ಧತಿ. ಇಲ್ಲದಿದ್ದರೆ ಒಂದು ಕೋರ್ಟಿನಲ್ಲಿ ಅಣ್ಣ ಹೊಡೆದವನು, ಇನ್ನೊಂದರಲ್ಲಿ ತಮ್ಮ ಹೊಡೆದವನು ಅಂತಾಗಿಬಿಡುತ್ತದೆ.

ಎಫ್‌ಐಆರ್‌ನಲ್ಲಿ ಇರುವುದೆಲ್ಲ ದೂರು ಕೊಟ್ಟವರ ಮಾತು. ಪೊಲೀಸರು ಅದನ್ನು ಪುಸ್ತಕಕ್ಕೆ ಇಳಿಸಿದ್ದಾರೆ, ಅಷ್ಟೇ. ಎ1, ಎ2 ಅಂತ ಹಾಕುವ ನಂಬರ್ ಕೂಡ ಗುರುತಿಗೆ. ಎ1 ದೊಡ್ಡ ತಪ್ಪಿತಸ್ಥ, ಎ9 ಚಿಕ್ಕವನು ಅಂತ ಅರ್ಥವಲ್ಲ.

ಬಂಧನ, ಕಸ್ಟಡಿ, ರಿಮ್ಯಾಂಡ್

ಎಫ್‌ಐಆರ್ ಆದ ತಕ್ಷಣ ಬಂಧಿಸಲೇಬೇಕು ಎಂದಿಲ್ಲ. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಅನ್ನುವುದಕ್ಕೆ ಪೊಲೀಸರು ಕಾರಣ ಬರೆದಿಡಬೇಕು. ಬೇಡವಾದರೆ ‘ತನಿಖೆಗೆ ಹಾಜರಾಗಿ’ ಎಂದು ನೋಟಿಸ್ ಕೊಡಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಇದು ಬಿಗಿಯಾಯಿತು. ಹಳೇ 41ಎ ನೋಟಿಸ್ ಈಗ ಬಿಎನ್‌ಎಸ್‌ಎಸ್‌ನ 35(3). ಇದನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವೀಡಿಯೊ ಕಾಲ್‌ನಲ್ಲಿ ಖಾಕಿ ಹಾಕಿಕೊಂಡು ‘ಡಿಜಿಟಲ್ ಅರೆಸ್ಟ್’ ಅನ್ನುವವರು ನಿಮಗೆ ಸಿಕ್ಕರೆ ಇಷ್ಟು ನೆನಪಿರಲಿ: ಭಾರತದ ಯಾವ ಕಾನೂನಿನಲ್ಲೂ ಅಂಥದ್ದೊಂದು ಇಲ್ಲ. ಕರೆ ಕಟ್ ಮಾಡಿ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಜವಾದ ಬಂಧನದಲ್ಲಿ ಗಡಿಯಾರ ಶುರುವಾಗುತ್ತದೆ. ಬಂಧಿಸಿದ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಕೊಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕಾರಣ ತಿಳಿಸುವುದು ಮತ್ತು 24 ಗಂಟೆಯ ಗಡುವು ಸಂವಿಧಾನದ 22ನೇ ವಿಧಿಯಲ್ಲೇ ಇವೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮೊದಲೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು.

24 ಗಂಟೆ ದಾಟಿ ಒಬ್ಬರನ್ನು ಒಳಗಿಡುವ ಅಧಿಕಾರ ಪೊಲೀಸರಿಗಿಲ್ಲ, ಕೋರ್ಟಿಗಿದೆ. ಆ ಆದೇಶವೇ ರಿಮ್ಯಾಂಡ್. ಅದರಲ್ಲಿ ಎರಡು ಬಗೆ. ಪೊಲೀಸ್ ಕಸ್ಟಡಿ ಅಂದರೆ ಆರೋಪಿ ಪೊಲೀಸರ ವಶದಲ್ಲಿ. ವಿಚಾರಿಸಬಹುದು, ಜಾಗಕ್ಕೆ ಕರೆದೊಯ್ದು ಮಹಜರು ಮಾಡಬಹುದು. ನ್ಯಾಯಾಂಗ ಬಂಧನ ಅಂದರೆ ಜೈಲು. ಅಲ್ಲಿ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ಮಾತಾಡಿಸುವಂತಿಲ್ಲ. ‘ನ್ಯಾಯಾಂಗ ಬಂಧನ’ ಎಂಬುದು ಕಿವಿಗೆ ಹೆಚ್ಚು ಭಯಂಕರವಾಗಿ ಕೇಳುತ್ತದೆ, ನಿಜ. ಆದರೆ ಆರೋಪಿಯ ಕಡೆಯ ವಕೀಲರು ಪೊಲೀಸ್ ಕಸ್ಟಡಿ ಬೇಡ, ನ್ಯಾಯಾಂಗ ಬಂಧನ ಕೊಡಿ ಅಂತಲೇ ಕೇಳುವುದು. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಮೊದಲು ಈ 15 ದಿನ ಬಂಧನದ ಮೊದಲ 15 ದಿನದಲ್ಲೇ ಮುಗಿಯಬೇಕಿತ್ತು. ಈಗ ಕೇಸಿನ ಗಾತ್ರಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನದಲ್ಲಿ ಬಿಡಿಬಿಡಿಯಾಗಿ ಕೇಳಬಹುದು. ಹೊಸ ಕಾನೂನಿನಲ್ಲಿ ನನಗೆ ಅತಿ ಹೆಚ್ಚು ಕಸಿವಿಸಿ ತರುವ ಬದಲಾವಣೆ ಇದೇ. ಒಮ್ಮೆ ಜೈಲಿಗೆ ಹೋದವನನ್ನು ತಿಂಗಳಾದ ಮೇಲೆ ಮತ್ತೆ ಠಾಣೆಗೆ ಎಳೆದು ತರಬಹುದು ಅನ್ನುವ ಭಯ ತಲೆ ಮೇಲೆ ತೂಗುತ್ತಲೇ ಇರುತ್ತದೆ.

ಇದೇ ಹಂತದಲ್ಲಿ ಪತ್ರಿಕೆಗಳಲ್ಲಿ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸುದ್ದಿ ಬರುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಬ್ರಿಟಿಷರ ಕಾಲದಿಂದಲೂ ಹೀಗೇ ಇದೆ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಚಾರ್ಜ್‌ಶೀಟಿನಲ್ಲಿ ‘ಸ್ವಇಚ್ಛಾ ಹೇಳಿಕೆ’ ಅಂತ ಪುಟಗಟ್ಟಲೆ ಇರುತ್ತದೆ. ಅದರಲ್ಲಿ ಉಪಯೋಗಕ್ಕೆ ಬರುವುದು ಒಂದೇ ಚೂರು: ಆರೋಪಿ ಹೇಳಿದ್ದರಿಂದಲೇ ಹೊಸದಾಗಿ ಏನಾದರೂ ಸಿಕ್ಕಿದ್ದರೆ ಆ ಭಾಗ ಮಾತ್ರ. ‘ನಾನೇ ಕಡಿದೆ, ಕುಡುಗೋಲು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ’ ಅಂದ, ಹೋಗಿ ನೋಡಿದರೆ ಸಿಕ್ಕಿತು ಅನ್ನಿ. ‘ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ’ ಅನ್ನುವುದಕ್ಕೆ ಬೆಲೆ ಇದೆ, ‘ನಾನೇ ಕಡಿದೆ’ ಅನ್ನುವುದಕ್ಕಿಲ್ಲ. ತಪ್ಪೊಪ್ಪಿಗೆಗೆ ಬೆಲೆ ಬರಬೇಕಾದರೆ ಅದು ಮ್ಯಾಜಿಸ್ಟ್ರೇಟರ ಮುಂದೆ, ‘ಹೇಳಲೇಬೇಕು ಅಂತಿಲ್ಲ, ಹೇಳಿದರೆ ನಿಮ್ಮ ವಿರುದ್ಧವೇ ಬಳಕೆಯಾಗಬಹುದು’ ಎಂಬ ಎಚ್ಚರಿಕೆ ಕೇಳಿದ ಮೇಲೆ ಬರಬೇಕು. ಹಳಬರು ಇದನ್ನೇ 164 ಹೇಳಿಕೆ ಅನ್ನುವುದು. ಈಗ 183.

ಕುಡುಗೋಲು ವಶಪಡಿಸಿಕೊಂಡದ್ದಕ್ಕೆ ಬರೆಯುವ ಕಾಗದ ಮಹಜರು ಅಥವಾ ಪಂಚನಾಮೆ. ಸಹಿ ಹಾಕುವ ಹೊರಗಿನವರು ಪಂಚರು. ವಶವಾದ ವಸ್ತು ಮುದ್ದೆಮಾಲು. ಈಗ ಶೋಧ ಮತ್ತು ಜಪ್ತಿಯನ್ನು ವೀಡಿಯೊ ಮಾಡುವುದು ಕಡ್ಡಾಯ. ಪಂಚನಾಗಿ ಸಹಿ ಹಾಕಲು ಯಾರಾದರೂ ಕರೆದರೆ ಖಾಲಿ ಹಾಳೆಗೆ ಹಾಕಬೇಡಿ, ಓದಿ ಹಾಕಿ. ಮೂರು ವರ್ಷ ಬಿಟ್ಟು ಕೋರ್ಟಿನಿಂದ ಸಮನ್ಸ್ ಬರುವುದು ನಿಮಗೇ.

ಜಾಮೀನು: ಜಾಸ್ತಿ ತಪ್ಪು ತಿಳಿವಳಿಕೆ ಇರುವ ಪದ

ಜಾಮೀನು ಅಂದರೆ ‘ಕರೆದಾಗ ಬರುತ್ತೇನೆ’ ಎಂಬ ಭರವಸೆಯ ಮೇಲೆ ಹೊರಗೆ ಬಿಡುವುದು. ಕೇಸು ಹಾಗೇ ಇರುತ್ತದೆ. ಜಾಮೀನು ಕೊಡಬಹುದಾದ ಅಪರಾಧದಲ್ಲಿ ಅದು ಆರೋಪಿಯ ಹಕ್ಕು, ಠಾಣೆಯಲ್ಲೇ ಸಿಗಬೇಕು. ಅದನ್ನೇ ಸ್ಟೇಷನ್ ಬೇಲ್ ಅನ್ನುತ್ತಾರೆ. ‘ಜಾಮೀನುರಹಿತ ಅಪರಾಧ’ ಅಂದರೆ ಜಾಮೀನೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಲ್ಲಿ ಜಾಮೀನು ಹಕ್ಕಲ್ಲ, ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಓಡಿಹೋಗುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ, ಅಪರಾಧ ಎಷ್ಟು ಗಂಭೀರ, ಇವನ್ನೆಲ್ಲ ತೂಗಿ ನೋಡುತ್ತಾರೆ.

ಬಂಧನಕ್ಕೆ ಮೊದಲೇ ಕೇಳುವುದು ನಿರೀಕ್ಷಣಾ ಜಾಮೀನು. ಇದನ್ನು ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್ ಮಾತ್ರ ಕೊಡಬಲ್ಲವು. ಜಾಮೀನು ಮಂಜೂರಾದರೂ ಆ ಸಂಜೆಯೇ ಹೊರಬರಲಾಗದೆ ಒದ್ದಾಡುವವರಿದ್ದಾರೆ, ಶೂರಿಟಿ ಸಿಗದೆ. ಶೂರಿಟಿ ಅಂದರೆ ಆರೋಪಿ ಬರದಿದ್ದರೆ ಇಷ್ಟು ಹಣಕ್ಕೆ ನಾನು ಹೊಣೆ ಅಂತ ಕೋರ್ಟಿನಲ್ಲಿ ನಿಲ್ಲುವ ವ್ಯಕ್ತಿ. ಹಳ್ಳಿ ಕಡೆ ಪಹಣಿ ಹಿಡಿದು ಬರುತ್ತಾರೆ, ಪೇಟೆಯಲ್ಲಿ ಮನೆ ಕಂದಾಯದ ರಸೀದಿ, ಸಂಬಳದ ಚೀಟಿ. ಸುಮ್ನೆ ಸ್ನೇಹಕ್ಕೆ ಪಹಣಿ ಕೊಡುವವರು ಒಂದು ತಿಳಿದಿರಲಿ: ಆರೋಪಿ ತಲೆಮರೆಸಿಕೊಂಡರೆ ಬಾಂಡಿನ ಹಣಕ್ಕೆ ಕೋರ್ಟಿನ ನೋಟಿಸ್ ನಿಮ್ಮ ಮನೆಗೆ ಬರುತ್ತದೆ.

ಇನ್ನೊಂದು ಇದೆ, ಡಿಫಾಲ್ಟ್ ಜಾಮೀನು. ಪೊಲೀಸರು ಗಡುವಿನೊಳಗೆ ತನಿಖೆ ಮುಗಿಸದಿದ್ದರೆ ಬರುವ ಹಕ್ಕು. ಮರಣದಂಡನೆ, ಜೀವಾವಧಿ ಅಥವಾ ಕನಿಷ್ಠ ಹತ್ತು ವರ್ಷ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಕೇಸು ಎಷ್ಟೇ ಘೋರವಾಗಿರಲಿ, ಆರೋಪಿ ಕೇಳಿದರೆ ಬಿಡಲೇಬೇಕು. ಇಲ್ಲಿ ‘ಕೇಳಿದರೆ’ ಅನ್ನುವುದೇ ಮುಖ್ಯ. ಗಡುವು ಮೀರಿದ್ದು ಗಮನಿಸದೆ ಸುಮ್ಮನಿದ್ದು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು. ದುಡ್ಡಿರುವವರ ವಕೀಲರು ದಿನ ಎಣಿಸುತ್ತಿರುತ್ತಾರೆ. ಇಲ್ಲದವರಿಗೆ ಎಣಿಸುವವರಿಲ್ಲ.

ಕೊಟ್ಟ ಜಾಮೀನು ರದ್ದೂ ಆಗಬಹುದು. ರೇಣುಕಾಸ್ವಾಮಿ ಪ್ರಕರಣದಲ್ಲಿ ನಟ ದರ್ಶನ್ ಮತ್ತಿತರರಿಗೆ 2024ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಜಾಮೀನು ಸಿಕ್ಕ ದಿನ ಒಂದು ಗುಂಪು ಪಟಾಕಿ ಹೊಡೆಯಿತು, ರದ್ದಾದ ದಿನ ಇನ್ನೊಂದು ಗುಂಪು ‘ಸಾಬೀತಾಯ್ತು’ ಅಂದಿತು. ಎರಡು ದಿನವೂ ಅಪರಾಧ ನಡೆದಿದೆಯಾ ಅನ್ನುವ ಪ್ರಶ್ನೆಗೆ ಯಾವ ಕೋರ್ಟೂ ಉತ್ತರ ಕೊಟ್ಟಿರಲಿಲ್ಲ. ವಿಚಾರಣೆ ನಡೆಯುವಾಗ ಆರೋಪಿಗಳು ಒಳಗಿರಬೇಕಾ ಹೊರಗಿರಬೇಕಾ ಅನ್ನುವುದಷ್ಟೇ ಅಲ್ಲಿದ್ದ ವಿಷಯ.

ವಿಚಾರಣಾಧೀನ ಕೈದಿ ಅನ್ನುವ ಪದವನ್ನೂ ಇಲ್ಲೇ ಹೇಳಬೇಕು. ಶಿಕ್ಷೆಯಾಗದೆ, ವಿಚಾರಣೆಗೆ ಕಾಯುತ್ತಾ ಜೈಲಿನಲ್ಲಿರುವವರು. ನಮ್ಮ ದೇಶದ ಜೈಲುಗಳಲ್ಲಿ ಶಿಕ್ಷೆಯಾದವರಿಗಿಂತ ಇವರೇ ಜಾಸ್ತಿ. ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿಲ್ಲದವರಾದರೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ ಅಥವಾ ಜೀವಾವಧಿ ಇರುವ ಕೇಸುಗಳಿಗೆ ಇದು ಇಲ್ಲ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೂ ಇಲ್ಲ.

ಚಾರ್ಜ್‌ಶೀಟ್, ಬಿ ರಿಪೋರ್ಟ್, ಪಿಸಿಆರ್

ತನಿಖೆ ಮುಗಿದ ಮೇಲೆ ಪೊಲೀಸರು ಕೋರ್ಟಿಗೆ ವರದಿ ಕೊಡುತ್ತಾರೆ. ಆರೋಪ ನಿಜ ಅಂತ ಅವರಿಗೆ ಅನ್ನಿಸಿದರೆ ಅದು ದೋಷಾರೋಪ ಪಟ್ಟಿ, ಅಂದರೆ ಚಾರ್ಜ್‌ಶೀಟ್. ದೂರು ಸುಳ್ಳು, ತಪ್ಪು ಗ್ರಹಿಕೆ, ಸಿವಿಲ್ ವ್ಯಾಜ್ಯ ಅಥವಾ ಸಾಕ್ಷ್ಯವೇ ಇಲ್ಲ ಅನ್ನಿಸಿದರೆ ಬಿ ರಿಪೋರ್ಟ್. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಲಿಲ್ಲ ಅಂದರೆ ಸಿ ರಿಪೋರ್ಟ್. ಕಳ್ಳತನದ ಕೇಸುಗಳಲ್ಲಿ ಈ ಮೂರನೆಯದು ಮಾಮೂಲು. ಬಿ ರಿಪೋರ್ಟ್ ಅನ್ನುವ ಪದ ಮನೆಮನೆಗೆ ಮುಟ್ಟಿದ್ದು 2025ರ ಫೆಬ್ರವರಿಯಲ್ಲಿ, ಮುಡಾ ನಿವೇಶನ ಪ್ರಕರಣದಲ್ಲಿ ಲೋಕಾಯುಕ್ತ ಪೊಲೀಸರು ಅದನ್ನು ಸಲ್ಲಿಸಿದಾಗ. ‘ಕ್ಲೀನ್ ಚಿಟ್’ ಅಂತ ಸುದ್ದಿಯಾಯಿತು.

ಆದರೆ ಚಾರ್ಜ್‌ಶೀಟೂ ಬಿ ರಿಪೋರ್ಟೂ ಎರಡೂ ಪೊಲೀಸರ ಅಭಿಪ್ರಾಯ. ಒಪ್ಪುವುದು ಬಿಡುವುದು ಕೋರ್ಟು. ಬಿ ರಿಪೋರ್ಟ್ ಒಪ್ಪುವ ಮುಂಚೆ ದೂರುದಾರರಿಗೆ ನೋಟಿಸ್ ಕೊಡಬೇಕು ಅನ್ನುವುದು 1985ರಿಂದಲೇ ಸುಪ್ರೀಂ ಕೋರ್ಟಿನ ನಿಯಮ. ಅವರು ತಕರಾರು ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟರು ಇನ್ನಷ್ಟು ತನಿಖೆಗೆ ಹೇಳಬಹುದು ಅಥವಾ ವರದಿ ಬದಿಗಿಟ್ಟು ಕೇಸು ಮುಂದುವರಿಸಬಹುದು. ಕೋರ್ಟಿನಿಂದ ಬಂದ ಆ ನೋಟಿಸನ್ನು ‘ಏನೋ ಕಾಗದ’ ಅಂತ ಮೂಲೆಗೆಸೆದು, ಆಮೇಲೆ ಕೇಸು ಮುಚ್ಚಿಹೋಯಿತು ಅಂತ ಗೋಳಾಡುವವರನ್ನು ತಾಲ್ಲೂಕು ಕೋರ್ಟಿನ ಆವರಣದಲ್ಲಿ ಯಾವಾಗ ಹೋದರೂ ಕಾಣಬಹುದು.

ಠಾಣೆಯ ಗೊಡವೆಯೇ ಬೇಡ ಅಂದರೆ ನೇರ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬಹುದು. ವಕೀಲರ ಬಾಯಲ್ಲಿ ಇದು ಪಿಸಿಆರ್. ಚೆಕ್ ಬೌನ್ಸ್ ಕೇಸುಗಳೆಲ್ಲ ಬರುವುದು ಇದೇ ದಾರಿಯಲ್ಲಿ.

ಕೋರ್ಟು ‘ಸರಿ, ಇದನ್ನು ನೋಡುತ್ತೇನೆ’ ಅಂತ ಕೇಸನ್ನು ಕೈಗೆತ್ತಿಕೊಳ್ಳುವುದೇ ಕಾಗ್ನಿಜೆನ್ಸ್. ಇಲ್ಲಿಂದ ಕೇಸಿನ ಹೆಸರೇ ಬದಲು. ಠಾಣೆಯ ಕ್ರೈಂ ನಂಬರ್ ಹಿಂದೆ ಸರಿದು ಸಿಸಿ ನಂಬರ್ ಬರುತ್ತದೆ. ಕೊಲೆ, ಕೊಲೆ ಯತ್ನದಂಥ ದೊಡ್ಡ ಕೇಸಾದರೆ ಮ್ಯಾಜಿಸ್ಟ್ರೇಟರು ಅದನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸುತ್ತಾರೆ, ಆಗ ಎಸ್‌ಸಿ, ಅಂದರೆ ಸೆಷನ್ಸ್ ಕೇಸ್ ನಂಬರ್. ಇ-ಕೋರ್ಟ್ಸ್ ಆ್ಯಪಿನಲ್ಲಿ ಹುಡುಕುವುದಕ್ಕೆ 16 ಅಕ್ಷರಗಳ ಸಿಎನ್‌ಆರ್ ನಂಬರ್ ಒಂದಿದ್ದರೆ ಮುಂದಿನ ದಿನಾಂಕ ತಿಳಿಯಲು ಯಾರನ್ನೂ ಕೇಳಬೇಕಿಲ್ಲ.

ಕೋರ್ಟಿನೊಳಗೆ

ಬರಲು ಹೇಳುವ ಕಾಗದ ಸಮನ್ಸ್. ಬರದಿದ್ದರೆ ಮೊದಲು ಜಾಮೀನು ಸಹಿತ ವಾರಂಟ್, ಆಮೇಲೆ ಎನ್‌ಬಿಡಬ್ಲ್ಯೂ, ಅಂದರೆ ಹಿಡಿದು ತರಲೇಬೇಕಾದ ವಾರಂಟ್. ಸಾಕ್ಷಿಗೂ ವಾರಂಟ್ ಬರುತ್ತದೆ, ನೆನಪಿರಲಿ.

ಚಾರ್ಜ್‌ಶೀಟ್ ಬೇರೆ, ಚಾರ್ಜ್ ಬೇರೆ. ಪೊಲೀಸರ ಪಟ್ಟಿಯನ್ನು ನೋಡಿ, ಇದರಲ್ಲಿ ವಿಚಾರಣೆಗೆ ಯೋಗ್ಯವಾದದ್ದು ಇಷ್ಟು ಅಂತ ನ್ಯಾಯಾಧೀಶರು ಬರೆದು, ಆರೋಪಿಗೆ ಓದಿ ಹೇಳಿ, ‘ಒಪ್ಪುತ್ತೀಯಾ?’ ಅಂತ ಕೇಳುವುದು ಆರೋಪ ನಿಗದಿ. ಏನೂ ಹುರುಳಿಲ್ಲದಿದ್ದರೆ ಅದಕ್ಕೂ ಮುಂಚೆಯೇ ಕೈಬಿಡುತ್ತಾರೆ. ಅದು ಡಿಸ್ಚಾರ್ಜ್. ಪೂರ್ತಿ ವಿಚಾರಣೆಯ ನಂತರ ಬಿಡುವುದು ಖುಲಾಸೆ. ಪತ್ರಿಕೆಗಳು ಎರಡಕ್ಕೂ ‘ದೋಷಮುಕ್ತ’ ಅಂದುಬಿಡುತ್ತವೆ. ವ್ಯತ್ಯಾಸ ಸಣ್ಣದಲ್ಲ. ಖುಲಾಸೆಯಾದವರನ್ನು ಅದೇ ಆರೋಪದ ಮೇಲೆ ಮತ್ತೆ ವಿಚಾರಣೆಗೆ ಒಳಪಡಿಸುವಂತಿಲ್ಲ. ಡಿಸ್ಚಾರ್ಜ್ ಆದವರ ವಿರುದ್ಧ ಹೊಸ ಸಾಕ್ಷ್ಯ ಸಿಕ್ಕರೆ ಬಾಗಿಲು ಮತ್ತೆ ತೆರೆಯಬಹುದು.

ವಿಚಾರಣೆ ಶುರುವಾದಾಗ ಅಣ್ಣನಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಕೇಸಿನ ಹೆಸರು ‘ಕರ್ನಾಟಕ ಸರ್ಕಾರ ವಿರುದ್ಧ ತಮ್ಮ’. ಅವನ ಹೆಸರೇ ಇಲ್ಲ. ಅಪರಾಧ ಅನ್ನುವುದು ಸರ್ಕಾರದ ವಿರುದ್ಧದ ತಪ್ಪು, ದೂರುದಾರ ಬರೀ ಒಂದನೇ ಸಾಕ್ಷಿ. ವಾದಿಸುವುದು ಸರ್ಕಾರಿ ಅಭಿಯೋಜಕರು. ಅಣ್ಣ ತನ್ನ ವಕೀಲರನ್ನು ಇಟ್ಟುಕೊಂಡರೂ ಅವರು ಸಹಾಯಕ್ಕಷ್ಟೇ. ಸಾಕ್ಷಿಯನ್ನು ಕರೆದವರೇ ಮೊದಲು ಪ್ರಶ್ನೆ ಕೇಳುವುದು ಮುಖ್ಯ ವಿಚಾರಣೆ. ಎದುರು ಕಡೆಯವರು ಕೆದಕುವುದು ಪಾಟಿ ಸವಾಲು. ಪೊಲೀಸರ ಮುಂದೆ ಹೇಳಿದ್ದನ್ನು ಕೋರ್ಟಿನಲ್ಲಿ ‘ನಾನು ಹಾಗೆ ಹೇಳೇ ಇಲ್ಲ’ ಅಂದರೆ ಆ ಸಾಕ್ಷಿ ಪ್ರತಿಕೂಲ. ಹಳ್ಳಿಯ ಗಲಾಟೆ ಕೇಸುಗಳಲ್ಲಿ ಪಂಚರು ಮೊದಲು ಉಲ್ಟಾ ಹೊಡೆಯುತ್ತಾರೆ, ಆಮೇಲೆ ಪಕ್ಕದ ಜಮೀನಿನವರು. ಹಾಗಂತ ಪ್ರತಿಕೂಲ ಸಾಕ್ಷಿಯ ಮಾತೆಲ್ಲ ಕಸದ ಬುಟ್ಟಿಗೆ ಹೋಗುವುದಿಲ್ಲ, ನಂಬಬಹುದಾದ ಭಾಗವನ್ನು ಕೋರ್ಟು ಬಳಸಬಹುದು.

ಈ ನಡುವೆ ಅಣ್ಣ ತಮ್ಮ ಒಂದಾದರು ಅನ್ನಿ. ಹಬ್ಬಕ್ಕೆ ಹೋಗಿಬರುವಷ್ಟು. ರಾಜಿ ಆಗಬಹುದಾ? ಕೈಯಿಂದ ಹೊಡೆದ 115(2) ಮಾತ್ರ ಇದ್ದಿದ್ದರೆ ಲೋಕ ಅದಾಲತ್‌ನಲ್ಲಿ ಅರ್ಧ ಗಂಟೆಯ ಕೆಲಸ. ಕುಡುಗೋಲಿನ 118(1) ರಾಜಿಯಾಗುವ ಪಟ್ಟಿಯಲ್ಲಿ ಇಲ್ಲ. ‘ನಾವೇ ದೂರು ವಾಪಸ್ ತಗೋತೀವಿ’ ಅಂದರೂ ಆಗದು, ಯಾಕೆಂದರೆ ಕೇಸು ಈಗ ಸರ್ಕಾರದ್ದು. ಉಳಿಯುವ ನೇರ ದಾರಿ ಹೈಕೋರ್ಟ್. ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಬಿಎನ್‌ಎಸ್‌ಎಸ್‌ನ 528ರ ಅರ್ಜಿ ಹಾಕಿ, ಮನೆಯೊಳಗಿನ ಜಗಳ, ಒಪ್ಪಂದವಾಗಿದೆ ಅಂತ ಇಡೀ ಕೇಸನ್ನೇ ರದ್ದು ಮಾಡಿಸಿಕೊಳ್ಳಬೇಕು. ಕೊಲೆ, ಅತ್ಯಾಚಾರದಂಥ ಕೇಸುಗಳಲ್ಲಿ ಹೀಗೆ ರಾಜಿಯ ಮೇಲೆ ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಗೆರೆ ಎಳೆದಿದೆ. ಇಷ್ಟೆಲ್ಲ ಓಡಾಟ, ಖರ್ಚು ಬೇಡವೆಂದು ಎಷ್ಟೋ ದೂರುದಾರರು ತಾವೇ ಪ್ರತಿಕೂಲ ಸಾಕ್ಷಿ ಆಗಿಬಿಡುತ್ತಾರೆ. ಎಲ್ಲರಿಗೂ ಗೊತ್ತಿರುವ, ಯಾರೂ ಗಟ್ಟಿಯಾಗಿ ಹೇಳದ ಸಂಗತಿ ಇದು. ಪ್ರಮಾಣ ಮಾಡಿ ಸುಳ್ಳು ಹೇಳುವುದೂ ಅಪರಾಧವೇ.

ರಾಜಿಯಾಗದೆ ತೀರ್ಪಿನವರೆಗೆ ಬಂದರೆ, ಸಾಬೀತು ಮಾಡುವ ಹೊರೆ ಸರ್ಕಾರದ ಮೇಲೆ, ಅದೂ ಸಮಂಜಸವಾದ ಸಂಶಯಕ್ಕೆ ಎಡೆ ಇಲ್ಲದಂತೆ. ಅಷ್ಟು ಆಗದಿದ್ದರೆ ಸಂಶಯದ ಲಾಭ ಆರೋಪಿಗೆ. ಸಾಬೀತಾದರೆ ಮಾತ್ರ ‘ಆರೋಪಿ’ ಎಂಬ ಪದ ಬಿದ್ದು ‘ಅಪರಾಧಿ’ ಬರುತ್ತದೆ. ಇಡೀ ಪ್ರಯಾಣದಲ್ಲಿ ಆ ಪದ ಬಳಸುವ ಅಧಿಕಾರ ನ್ಯಾಯಾಧೀಶರಿಗೆ ಮಾತ್ರ. ಶಿಕ್ಷೆ ಸಾದಾ ಸಜೆಯಾದರೆ ಬರೀ ಒಳಗಿರುವುದು, ಕಠಿಣ ಸಜೆಯಾದರೆ ಕೆಲಸವೂ ಇರುತ್ತದೆ. ಎರಡು ಶಿಕ್ಷೆ ‘ಏಕಕಾಲದಲ್ಲಿ’ ಅಂದರೆ ಮೂರು ವರ್ಷ ಮತ್ತು ಎರಡು ವರ್ಷ ಸೇರಿ ಮೂರೇ ವರ್ಷ. ‘ಒಂದಾದ ಮೇಲೊಂದು’ ಅಂದರೆ ಐದು.

ಜೀವಾವಧಿ ಅಂದರೆ 14 ವರ್ಷ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಜೀವಾವಧಿ ಅಂದರೆ ಬದುಕಿರುವವರೆಗೆ. 1961ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮಾತು. ಕೊಲೆಯಂಥ ಕೇಸುಗಳಲ್ಲಿ ಕನಿಷ್ಠ 14 ವರ್ಷ ಕಳೆಯದೆ ಸರ್ಕಾರ ಶಿಕ್ಷೆ ಮಾಫಿ ಮಾಡುವಂತಿಲ್ಲ, ಆ ಗಡಿಯೇ ಜನರ ಬಾಯಲ್ಲಿ ಶಿಕ್ಷೆಯ ಅವಧಿಯಾಗಿಬಿಟ್ಟಿದೆ. 2008ರಲ್ಲಿ ಬೆಂಗಳೂರಿನ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಮರಣದಂಡನೆಯ ಬದಲು ಮಾಫಿಯೇ ಇಲ್ಲದ, ಸಾಯುವವರೆಗಿನ ಜೈಲುವಾಸ ವಿಧಿಸಿತು. ದೇಶದ ಬೇರೆ ಕೋರ್ಟುಗಳು ಈಗಲೂ ಆ ತೀರ್ಪನ್ನು ಉಲ್ಲೇಖಿಸುತ್ತವೆ.

ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ. ಆರೋಪಿ ಖುಲಾಸೆಯಾದರೆ ಸರ್ಕಾರ ಮಾತ್ರವಲ್ಲ, ನೊಂದವರೂ ನೇರವಾಗಿ ಮೇಲ್ಮನವಿ ಹಾಕಬಹುದು. ಈ ಹಕ್ಕು ಬಂದದ್ದು 2009ರ ಕೊನೆಯಲ್ಲಿ. ಜೈಲಿನಲ್ಲಿರುವವರು ಅಲ್ಲಿನ ಅಧಿಕಾರಿಯ ಕೈಗೇ ಮೇಲ್ಮನವಿ ಕೊಡಬಹುದು, ಅವರು ಅದನ್ನು ಕೋರ್ಟಿಗೆ ತಲುಪಿಸಲೇಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಇವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಸಹಾಯವಾಣಿಯ ನಂಬರ್ 15100.